ಎಡರೆಕ್ಕೆ ಹನ್ನೊಂದು ಮಿಲಿಮೀಟರ್ ಉದ್ದ

೧

ಚಿಟ್.

ಇಷ್ಟೇ ಸದ್ದು. ಒಣಹುಲ್ಲಿನ ಕಡ್ಡಿ ಮುರಿದಷ್ಟು. ರಾತ್ರಿ ಒಂದೂವರೆ ಗಂಟೆ.

(ಕಥೆಯನ್ನು ಹೀಗೆ ಶುರು ಮಾಡಬಹುದೇ ಎಂದು ಬರೆಯುವವಳಿಗೆ ಇನ್ನೂ ಅನುಮಾನ. ನಡುರಾತ್ರಿಯ ಸದ್ದು ಎಂದರೆ ನೀವು ಕಳ್ಳನನ್ನೋ ದೆವ್ವವನ್ನೋ ನಿರೀಕ್ಷಿಸುತ್ತೀರಿ. ಇಲ್ಲಿ ಎರಡೂ ಇಲ್ಲ. ಈಗಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಮೋಸವಾಯಿತು ಎನ್ನಬಾರದು.)

ಬೇರೆ ಆರಂಭಗಳೂ ಇದ್ದವು. ಒಂದರಲ್ಲಿ ಮಾವನವರ ಬಾಲ್ಯವಿತ್ತು, ಕಾಗದದ ವಿಮಾನವಿತ್ತು, ಮೋಡವಿತ್ತು. ಮೂರನೆಯ ಸಾಲಿಗೇ ಬರೆಯುವವಳಿಗೆ ಆಕಳಿಕೆ ಬಂತು. ಇನ್ನೊಂದು ‘ಮನುಷ್ಯ ಯಾಕೆ ಹಾರಬಯಸುತ್ತಾನೆ?’ ಎಂಬ ಪ್ರಶ್ನೆಯಿಂದ ಶುರುವಾಗಿತ್ತು. ಉತ್ತರ ಗೊತ್ತಿಲ್ಲದ ಕಾರಣ ಹರಿದು ಹಾಕಲಾಯಿತು. ಉಳಿದದ್ದು ಈ ಸದ್ದು. ಆದರೆ ಕಥೆಯ ಸೊಸೆಗೆ ಇದೂ ಹಿಡಿಸಲಿಲ್ಲ.

“ರಾತ್ರಿನೇ ಯಾಕೆ? ಮಧ್ಯಾಹ್ನ ಮೂರು ಗಂಟೆ ಅಂತ ಹಾಕಿ. ನಡುರಾತ್ರಿ ಎದ್ದು ಓಡಾಡೋಳು ಅಂದ್ರೆ ಜನ ಏನಂದ್ಕೊಳ್ತಾರೆ?”

“ಮಧ್ಯಾಹ್ನ ಫ್ಯಾನ್ ತಿರುಗ್ತಿರತ್ತೆ, ಬಾಗಿಲು ಬಡೀತಿರತ್ತೆ. ಈ ವಿಮಾನಾನ ಪೆಟ್ಟಿಗೆಯಿಂದ ತೆಗೆದು ದಾರಕ್ಕೆ ತೂಗುಹಾಕೋದೇ ಎಲ್ಲರೂ ಮಲಗಿದ ಮೇಲೆ. ನಿಮ್ಮ ಮಾವನೇ ಮಾಡಿದ ರೂಲ್ಸು.”

“ಸರಿ. ಆದ್ರೆ ನಾನು ಮುರಿದೆ ಅಂತ ಬರೀಬೇಡಿ. ಮುರೀತು ಅಂತ ಬರೀರಿ.”

ಮುರಿಯಿತು.

೨

ವಿಮಾನದ ಮಾಡೆಲ್ ಎಂದೊಡನೆ ರಿಮೋಟು, ಕಿವಿ ಕೊರೆಯುವ ಇಂಜಿನ್ನು, ದೊಡ್ಡ ಮೈದಾನ ಎಲ್ಲ ಕಲ್ಪಿಸಿಕೊಂಡವರು ದಯವಿಟ್ಟು ಅವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ. ಮಾವನವರ ವಿಮಾನದ ತೂಕ ಒಂದು ಪೇಪರ್ ಕ್ಲಿಪ್ಪಿನಷ್ಟು. ಇಂಜಿನ್ನಿನ ಜಾಗದಲ್ಲಿ ಒಂದು ರಬ್ಬರ್ ಎಳೆ. ಮೈಯೆಲ್ಲ ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳು, ರೆಕ್ಕೆಗೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಹಾಳೆ. ರಬ್ಬರನ್ನು ಸಾವಿರದಾರುನೂರು ಸುತ್ತು ತಿರುಚಿ, ಎಲ್ಲ ಬಾಗಿಲು ಮುಚ್ಚಿದ ದೊಡ್ಡ ಹಾಲಿನಲ್ಲಿ ಕೈಬಿಟ್ಟರೆ, ಅದು ಎಡಕ್ಕೆ ಸುತ್ತು ಹಾಕುತ್ತಾ ಹಾಕುತ್ತಾ ಚಾವಣಿಯವರೆಗೆ ಏರಿ, ಅಷ್ಟೇ ನಿಧಾನವಾಗಿ ಇಳಿಯುತ್ತದೆ. ಪಕ್ಕದಲ್ಲೇ ನೀವು ನಡೆದುಕೊಂಡು ಹೋಗುವಷ್ಟು ನಿಧಾನ. ಆದರೆ ನೀವು ನಡೆಯುವಂತಿಲ್ಲ. ನಡೆದರೆ ಗಾಳಿ ಅಲ್ಲಾಡುತ್ತದೆ.

ಯಾರ ವಿಮಾನ ಹೆಚ್ಚು ಹೊತ್ತು ಮೇಲಿರುತ್ತದೋ ಅವರು ಗೆದ್ದ ಹಾಗೆ. ಆಟ ಅಷ್ಟೇ.

ಮಾವ ಮೂವತ್ತೆಂಟು ವರ್ಷ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಟ್ಟವರು. ಈಗ ನಿವೃತ್ತಿ. ಅದೇ ಚಿಮಟ, ಅದೇ ಬ್ಲೇಡು, ಅದೇ ಭೂತಗನ್ನಡಿಯಿಂದ ಈಗ ವಿಮಾನ. ಮನೆಯ ಹಿಂದಿನ ಕೋಣೆಯ ಶೆಲ್ಫಿನಲ್ಲಿ ಹಳೆಯ ಗಿರಾಕಿಗಳ ಪ್ಲಾಸ್ಟರ್ ದವಡೆಗಳು ಸಾಲಾಗಿ ಕೂತು ನಗುತ್ತಿರುತ್ತವೆ. ಅವುಗಳ ಎದುರಿಗೆ, ದಾರದಲ್ಲಿ, ವಿಮಾನ. ಮನೆಯಲ್ಲಿ ಯಾರು ಏನು ಮಾಡಿದರೂ ‘ಮೆಲ್ಲಗೆ’ ಎನ್ನುವುದು ಅವರ ಅಭ್ಯಾಸ. ಬಾಗಿಲು ತೆಗೆದರೆ ಮೆಲ್ಲಗೆ. ನಕ್ಕರೆ ಮೆಲ್ಲಗೆ. ಒಮ್ಮೆ ಟೀವಿಯಲ್ಲಿ ಚಂಡಮಾರುತದ ಸುದ್ದಿ ಬಂದಾಗ ಅದಕ್ಕೂ ಮೆಲ್ಲಗೆ ಎಂದಿದ್ದರಂತೆ. ಈ ವಿಮಾನ ಹಾರಿಸುವವರ ಕ್ಲಬ್ಬಿನಲ್ಲಿ ಅವರನ್ನು ಕರೆಯುವುದೇ ಮೆಲ್ಲಗೆ ಮಾವ ಎಂದು.

ಅವರ ಮಗ, ಅಂದರೆ ಸೊಸೆಯ ಗಂಡ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾನೆ. ಒಳ್ಳೆಯವನು. ಒಂದೇ ದೋಷ, ಅವನ ಸೀನು. ಅವನು ಸೀನಿದರೆ ಕಲಿಯಲು ಬಂದವರು ಹೇಳದೆಯೇ ಬ್ರೇಕ್ ಒತ್ತುತ್ತಾರೆ. ಮೂರು ವರ್ಷದ ಹಿಂದೆ ಆ ಸೀನಿಗೆ ಒಂದು ವಿಮಾನ ಗೋಡೆಗೆ ಅಂಟಿಕೊಂಡಿತ್ತು. ಅಂದಿನಿಂದ ಹಿಂದಿನ ಕೋಣೆಗೂ ಸ್ಪರ್ಧೆಯ ಹಾಲಿಗೂ ಅವನಿಗೆ ಪ್ರವೇಶವಿಲ್ಲ.

(ಸೀನನ್ನು ಇಲ್ಲಿ ತಂದಿಟ್ಟದ್ದು ನಿಮಗೆ ಕಾಣಿಸಿದೆ. ಕೊನೆಯಲ್ಲಿ ಅದು ಬಂದೇ ಬರುತ್ತದೆ ಎಂದು ಕಾಯುತ್ತೀರಿ. ಕಾಯಿರಿ.)

ಸೊಸೆ ಲೈಬ್ರರಿಯಲ್ಲಿ ಹರಿದ ಪುಸ್ತಕ ಸರಿಮಾಡುವವಳು. ಮಲಗುವ ಮುಂಚೆ ಎಲ್ಲ ಕಿಟಕಿಗಳ ಚಿಲಕವನ್ನು ಮೂರು ಸಲ ನೋಡದಿದ್ದರೆ ಅವಳಿಗೆ ನಿದ್ದೆ ಬಾರದು. ಆ ರಾತ್ರಿ ಎರಡೇ ಸಲ ನೋಡಿದೆನೇನೋ ಎಂಬ ಶಂಕೆ ಬಂದು ಎದ್ದಳು. ಸ್ಪರ್ಧೆಗೆ ಹದಿನಾಲ್ಕು ಗಂಟೆ ಉಳಿದಿತ್ತು. ಗಾಳಿ ನುಗ್ಗಿ ವಿಮಾನಕ್ಕೆ ಏನಾದರೂ ಆದರೆ? ಲೈಟು ಹಾಕಿದರೆ ಮಾವನಿಗೆ ಎಚ್ಚರವಾದೀತೆಂದು ಕತ್ತಲಲ್ಲೇ ಹಿಂದಿನ ಕೋಣೆಗೆ ಹೋಗಿ ಚಿಲಕ ಮುಟ್ಟಿ ನೋಡಿದಳು. ಭದ್ರವಾಗಿತ್ತು. ನಿರಾಳವಾಗಿ ತಿರುಗಿದಳು. ಭುಜ ತಗುಲಿತು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

೩

(ಮೂರನೆಯ ಭಾಗದಲ್ಲಿ ‘ಅವಳು ಬಿಕ್ಕಿ ಬಿಕ್ಕಿ ಅತ್ತಳು’ ಎಂದಿತ್ತು. “ಅಳೋಕೆ ಟೈಮೆಲ್ಲಿತ್ತು?” ಎಂದು ಅವಳೇ ಹೊಡೆದು ಹಾಕಿಸಿದಳು.)

೪

ಸಾಧಾರಣ ವಿಮಾನವಾಗಿದ್ದರೆ ಬೆಳಿಗ್ಗೆ ತಪ್ಪೊಪ್ಪಿಕೊಂಡು ಬಿಡುತ್ತಿದ್ದಳು. ಆದರೆ ಹೋದ ವಾರ ಅವಳು ಒಂದು ಮಾತು ಕೇಳಿಸಿಕೊಂಡಿದ್ದಳು. ಮಾವ ಕೋಣೆಯಲ್ಲಿ ಒಬ್ಬರೇ ಕೂತು ವಿಮಾನಕ್ಕೆ ಹೇಳುತ್ತಿದ್ದರು:

“ನೋಡಪ್ಪಾ, ನೀನು ನೆಟ್ಟಗೆ ಹಾರಿದ್ರೆ ಇನ್ನೊಂದು ಕಟ್ತೀನಿ. ಹಾರಲಿಲ್ಲ ಅಂದ್ರೆ ಕೈ ಹೋಯ್ತು ಅಂತ ಅರ್ಥ. ಬ್ಲೇಡು, ಬಾಲ್ಸಾ ಎಲ್ಲಾ ಕಟ್ಟಿ ಕ್ಲಬ್ಬಿನ ಆ ಕಣ್ಣಿನ ಡಾಕ್ಟರಿಗೆ ಕೊಟ್ಟುಬಿಡ್ತೀನಿ.”

ಅವರ ಕೈ ನಡುಗಲು ಶುರುವಾಗಿ ಆರು ತಿಂಗಳಾಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಸೊಸೆಗೆ ಮಾತ್ರ ಗೊತ್ತಿತ್ತು: ಟೀ ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುವುದನ್ನು ಅವಳು ಎಣಿಸುತ್ತಿದ್ದಳು.

ಹಾಗಾಗಿ ವಿಮಾನವನ್ನು ದಾರದಿಂದ ಬಿಚ್ಚಿ, ಅಡುಗೆಮನೆಯ ಮೇಜಿನ ಮೇಲಿಟ್ಟು, ಬಾಗಿಲು ಹಾಕಿ, ಲೈಟು ಹಾಕಿದಳು. ಮುರಿದದ್ದು ಬಲರೆಕ್ಕೆಯ ಮುಂದಿನ ಕಡ್ಡಿ. ಇದು ಅವಳ ಕೆಲಸವೇ. ನೂರು ವರ್ಷದ ಪುಟಗಳನ್ನು ಮುಟ್ಟಿದ್ದೇ ತಿಳಿಯದಂತೆ ಜೋಡಿಸುವವಳು. ಚೀಲದಿಂದ ಪುಸ್ತಕಕ್ಕೆ ಹಾಕುವ ಅಂಟನ್ನು ತೆಗೆದಳು: ಹಿಟ್ಟಿನ ಅಂಟು, ಹುಳ ಬಾರದಿರಲೆಂದು ನಾಲ್ಕು ಹನಿ ಲವಂಗದೆಣ್ಣೆ ಸೇರಿಸಿದ್ದು. ಸೂಜಿಮೊನೆಯಷ್ಟು ಅಂಟು, ಕೂದಲಿನಷ್ಟು ಕಾಗದದ ಎಳೆ. ಮುಕ್ಕಾಲು ಗಂಟೆಯಲ್ಲಿ ಕಡ್ಡಿ ಒಂದಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

“ನಿಲ್ಲಿಸಿಬಿಡಿ ಹಾಗಾದ್ರೆ” ಎಂದಳು ಸೊಸೆ.

“ಆಗಲ್ಲ. ನೀವು ಸ್ಕೇಲ್ ತಗೊಂಡಾಗಿದೆ.”

ಹೌದು, ಸ್ಕೇಲ್ ತೆಗೆದುಕೊಂಡಿದ್ದಳು. ಅಂಟಿಸಿದ್ದು ಸರಿಯಾಗಿ ಕೂತಿದೆಯೇ ಎಂದು ಅಳೆದಳು. ಬಲರೆಕ್ಕೆ ಸರಿಯಾಗಿತ್ತು. ಆಮೇಲೆ ಎಡರೆಕ್ಕೆ ಅಳೆದಳು. ಎಡರೆಕ್ಕೆ ಅದಕ್ಕಿಂತ ಹನ್ನೊಂದು ಮಿಲಿಮೀಟರ್ ಉದ್ದವಿತ್ತು.

ಇನ್ನೊಮ್ಮೆ ಅಳೆದಳು. ಮೂರನೆಯ ಸಲವೂ ಅಳೆದಳು. ಹನ್ನೊಂದು.

ಮೂವತ್ತೆಂಟು ವರ್ಷ ಕೂದಲೆಳೆಯ ಲೆಕ್ಕದಲ್ಲಿ ಹಲ್ಲು ಕೂರಿಸಿದ ಮನುಷ್ಯನಿಗೆ ರೆಕ್ಕೆ ಸೊಟ್ಟಗಿರುವುದು ಕಾಣಲಿಲ್ಲವೇ? ಪಾಪ, ಕೈಯ ಜೊತೆ ಕಣ್ಣೂ ಹೋಗಿದೆ. ನಾಳೆ ಅಷ್ಟು ಜನರ ಎದುರು, ಅದೂ ಆ ಕಣ್ಣಿನ ಡಾಕ್ಟರ ಎದುರು, ಸೊಟ್ಟ ವಿಮಾನ! ಎಡರೆಕ್ಕೆಯ ತುದಿಯ ಹಾಳೆಯನ್ನು ಉಗಿಯಲ್ಲಿ ಬಿಡಿಸಿ, ಕಡ್ಡಿಯನ್ನು ಹನ್ನೊಂದು ಮಿಲಿಮೀಟರ್ ಕತ್ತರಿಸಿ, ತುದಿಯನ್ನು ಮತ್ತೆ ಕೂರಿಸಿ, ಹಾಳೆ ಹೊದಿಸಿದಳು. ಎರಡೂ ರೆಕ್ಕೆ ಸಮವಾದವು. ಕತ್ತರಿಸಿದ ಚೂರನ್ನು ಎಸೆಯಲು ಮನಸ್ಸಾಗದೆ ಪರ್ಸಿನಲ್ಲಿಟ್ಟುಕೊಂಡಳು. ವಿಮಾನವನ್ನು ಮತ್ತೆ ದಾರಕ್ಕೆ ತೂಗುಹಾಕುವಾಗ ಶೆಲ್ಫಿನ ದವಡೆಗಳೆಲ್ಲ ಹಲ್ಲು ಕಿಸಿಯುತ್ತಿದ್ದವು. ಅವಳಿಗೆ ಅದು ಮೆಚ್ಚುಗೆಯಂತೆ ಕಂಡಿತು.

೫

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಂಡ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಇದ್ದಕ್ಕಿದ್ದಂತೆ ಕೇಳಿದ:

“ಅಲ್ಲಪ್ಪಾ, ನಿನ್ನ ವಿಮಾನದ ಎಡರೆಕ್ಕೆ ಯಾಕೆ ಉದ್ದ ಇಡ್ತೀಯಾ?”

(ಒಂಬತ್ತು ವರ್ಷ ಕೇಳದವನು ಇವತ್ತೇ ಯಾಕೆ ಕೇಳಿದ? ಬರೆಯುವವಳಿಗೆ ಬೇಕಿತ್ತು, ಅದಕ್ಕೆ. ಅವನನ್ನು ಹಿಂದಿನಿಂದ ತಿವಿದದ್ದು ಅವಳೇ. ಅವನು “ನಂಗೇನೂ ಗೊತ್ತಾಗ್ಬೇಕಿಲ್ಲ, ಬೆಣ್ಣೆ ಕೊಡಿ ಸಾಕು” ಎಂದಿದ್ದ.)

“ಒಳ್ಳೇ ಪ್ರಶ್ನೆ” ಎಂದರು ಮಾವ. “ವಿಮಾನ ಎಡಕ್ಕೆ ಸುತ್ತತ್ತೆ. ಹಾಗೆ ಸುತ್ತುವಾಗ ಒಳಗಡೆ ರೆಕ್ಕೆ ನಿಧಾನ, ಹೊರಗಡೆ ರೆಕ್ಕೆ ಜೋರು. ನಿಧಾನ ಇರೋದಕ್ಕೆ ಎತ್ತೋ ಶಕ್ತಿ ಕಮ್ಮಿ. ಅದಕ್ಕೆ ಅದನ್ನ ಉದ್ದ ಮಾಡಿ ಸರಿದೂಗಿಸ್ಬೇಕು. ಎರಡೂ ಸಮ ಇದ್ರೆ ಎಡಕ್ಕೆ ವಾಲಿ, ಗಿರಗಿರ ಸುತ್ತಿ, ನೆಲಕ್ಕೆ ಮೂಗು. ಗೊತ್ತಿಲ್ದೇ ಇರೋರು ಸೊಟ್ಟ ಅಂತಾರೆ.”

ಸೊಸೆಯ ಕೈಯಿಂದ ಕಪ್ಪು ಜಾರಿತು.

“ಮೆಲ್ಲಗೆ” ಎಂದರು ಮಾವ.

೬

ಈಗ ಬರೆಯುವವಳಿಗೂ ಸೊಸೆಗೂ ನಿಜವಾದ ಜಗಳ.

“ಹೇಳಿಬಿಡಿ ಅವರಿಗೆ. ಇನ್ನೂ ಆರು ಗಂಟೆ ಇದೆ.”

“ಹೇಳಿದ್ರೆ, ನಾನು ಅವರ ಕಣ್ಣು ಹೋಗಿದೆ ಅಂದ್ಕೊಂಡೆ ಅಂತಾನೂ ಹೇಳ್ಬೇಕು. ಕೈ ನಡುಗೋದು ಗೊತ್ತು ಅಂತಾನೂ ಹೇಳ್ಬೇಕು.”

“ಹೇಳದಿದ್ರೆ ಅದು ಬೀಳತ್ತೆ. ತನ್ನ ಕೈಯಿಂದಾನೇ ಬಿತ್ತು ಅಂತ ಅವರು ಅಂದ್ಕೊಳ್ತಾರೆ.”

“ನೀವು ಬರೆಯೋರಲ್ವಾ? ಬೀಳಬಾರದು ಅಂತ ಬರೆದ್ರೆ ಮುಗೀತು. ನನ್ನ ತಲೆ ಯಾಕೆ ತಿಂತೀರಾ?”

ಸರಿ, ಪ್ರಯತ್ನಿಸಲಾಯಿತು.

ಅಂತ್ಯ ಅ: ವಿಮಾನ ಎಲ್ಲರ ದಾಖಲೆ ಮುರಿಯುತ್ತದೆ. ಹಾಲ್ ಚಪ್ಪಾಳೆಯಿಂದ ತುಂಬುತ್ತದೆ. (ಆಗದು. ಈ ಆಟದಲ್ಲಿ ಚಪ್ಪಾಳೆ ನಿಷಿದ್ಧ, ಗಾಳಿ ಅಲ್ಲಾಡುತ್ತದೆ. ಮೆಚ್ಚುಗೆಯಾದರೆ ಬೆರಳುಗಳನ್ನು ಉಜ್ಜಿಕೊಳ್ಳುತ್ತಾರೆ. ದಾಖಲೆಯ ಸಂಭ್ರಮ ಸೋಪು ಹಾಕಿ ಕೈ ತೊಳೆದಂತೆ ಕಾಣುತ್ತದೆ.)

ಅಂತ್ಯ ಆ: ವಿಮಾನ ಗಿರಗಿರ ಸುತ್ತಿ ಬೀಳುತ್ತದೆ. ಸೊಸೆ ಮಾವನ ಕಾಲಿಗೆ ಬೀಳುತ್ತಾಳೆ. (“ವಿಮಾನದ ಮೇಲೇ ಬಿದ್ದುಬಿಟ್ರೆ?” ಎಂದಳು. ಹೊಡೆದು ಹಾಕಲಾಯಿತು.)

ಅಂತ್ಯ ಇ: ಎಲ್ಲವೂ ಕನಸು. (ಇದನ್ನು ಬರೆಯುವವಳು ಬರೆಯಲೇ ಇಲ್ಲ. ಅವಳಿಗೂ ಒಂದು ಮರ್ಯಾದೆ ಇದೆ.)

“ಹೇಳ್ತೀನಿ ಬಿಡಿ” ಎಂದಳು ಸೊಸೆ ಕೊನೆಗೆ. “ಹಾಲಿಗೆ ಹೋದ ಮೇಲೆ, ಹಾರಿಸೋಕೆ ಮುಂಚೆ.”

೭

ಕ್ರೀಡಾಂಗಣದ ಹಾಲು. ಚಾವಣಿಯ ಕಬ್ಬಿಣದ ತೊಲೆಗಳಲ್ಲಿ ಎಂದೋ ಸಿಕ್ಕಿಕೊಂಡ ಶಟಲ್ ಕಾಕುಗಳು. ಫ್ಯಾನು ಬಂದ್, ಬಾಗಿಲು ಬಂದ್. ಇಪ್ಪತ್ತು ಮೂವತ್ತು ಜನ ನೀರಿನಡಿಯಲ್ಲಿ ನಡೆದಂತೆ ನಡೆಯುತ್ತಿದ್ದರು. ಗಂಡ ಬಾಗಿಲಿನ ಗಾಜಿನಾಚೆ ಮೂಗು ಹಿಡಿದು ನಿಂತಿದ್ದ.

ಆ ವರ್ಷ ತೀರ್ಪುಗಾರರ ಸರದಿ ಕಣ್ಣಿನ ಡಾಕ್ಟರದ್ದು. ಕ್ಲಬ್ಬಿನಲ್ಲಿ ಮಾವನಿಗೆ ಸರಿಸಾಟಿಯಾದವರು ಅವರೊಬ್ಬರೇ. ಡಾಕ್ಟರ ದಾಖಲೆ ಹನ್ನೆರಡು ನಿಮಿಷ ಹತ್ತು ಸೆಕೆಂಡು, ಮಾವನದ್ದು ಹನ್ನೊಂದು ನಲವತ್ತೆಂಟು. ಆ ಇಪ್ಪತ್ತೆರಡು ಸೆಕೆಂಡು ಒಂಬತ್ತು ವರ್ಷದಿಂದ ಅವರಿಬ್ಬರ ನಡುವೆ ಕಾಂಪೌಂಡ್ ಗೋಡೆಯಂತೆ ನಿಂತಿತ್ತು. ನಿಯಮದ ಪ್ರಕಾರ ಸಮಯ ನೋಡಲು ಎರಡು ಸ್ಟಾಪ್‌ವಾಚು: ಒಂದು ತೀರ್ಪುಗಾರರದ್ದು, ಇನ್ನೊಂದು ಸ್ಪರ್ಧಿಯ ಕಡೆಯವರದ್ದು. ಎರಡೂ ತಾಳೆಯಾಗಬೇಕು. ಪ್ರತಿ ವರ್ಷದಂತೆ ಮಾವನ ಕಡೆಯ ವಾಚು ಸೊಸೆಯ ಕೈಯಲ್ಲಿತ್ತು.

“ಮಾವ, ಒಂದು ವಿಷಯ...”

“ಮೆಲ್ಲಗೆ.”

“ಮೆಲ್ಲಗೇ ಹೇಳ್ತಿದೀನಿ. ನಿನ್ನೆ ರಾತ್ರಿ...”

“ಇನ್ನೂ ಮೆಲ್ಲಗೆ. ಮನಸ್ಸಲ್ಲೇ ಹೇಳ್ಕೋ.”

ಅವಳು ಮನಸ್ಸಿನಲ್ಲೇ ಹೇಳಿಕೊಂಡಳು, ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ. ಅಷ್ಟರಲ್ಲಿ ಮಾವ ಪೆಟ್ಟಿಗೆಯಿಂದ ವಿಮಾನ ತೆಗೆದು ಬೆಳಕಿಗೆ ಹಿಡಿದರು. ಬಲರೆಕ್ಕೆಯನ್ನು ಮೂಗಿನ ಹತ್ತಿರ ತಂದರು. ಆಮೇಲೆ ಎಡರೆಕ್ಕೆಯ ತುದಿಯನ್ನು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಜೇಬಿನ ಡಬ್ಬಿಯಿಂದ ಸಾಸಿವೆಯ ಕಾಲುಭಾಗದಷ್ಟು ಜೇಡಿಮಣ್ಣು ಚಿವುಟಿ ಬಲರೆಕ್ಕೆಯ ತುದಿಗೆ ಅಂಟಿಸಿದರು.

“ಏನ್ರೀ ಅದು, ಕೊನೇ ಗಳಿಗೇಲಿ?” ಡಾಕ್ಟರು ಪಿಸುಗುಟ್ಟಿದರು.

“ಬಲಗಡೆ ಹಗುರ ಅನ್ನಿಸ್ತು. ವಾಲದ ಹಾಗೆ ಒಂಚೂರು ಭಾರ.”

“ನಿಮ್ಮ ಎಡರೆಕ್ಕೆ ಉದ್ದ ಇರ್ತಿತ್ತಲ್ವಾ?”

“ಈ ಸಲ ಹೊಸಾ ಡಿಸೈನು.”

ಸೊಸೆಯ ಕಿವಿ ಬಿಸಿಯಾಯಿತು.

(ಇಲ್ಲಿ ಬರೆಯುವವಳು ತಡೆಯಲಾರದೆ ಮಾವನನ್ನು ಪಕ್ಕಕ್ಕೆ ಕರೆದಳು. “ನಿಮಗೆ ಯಾವಾಗ ಗೊತ್ತಾಯ್ತು?” “ಬೆಳಿಗ್ಗೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಕಪ್ಪು ಬೀಳಿಸಿದ್ಲಲ್ಲ. ಹೋಗಿ ನೋಡಿದೆ.” “ಮತ್ತೆ ಸುಮ್ಮನಿದ್ರಿ?” “ಅಂಟಿಸಿದ ಜಾಗ ನೋಡಿದ್ರಾ ನೀವು? ಗೆರೆನೇ ಇಲ್ಲ. ಅಂಥಾ ಕೈ ಇರೋಳಿಗೆ ಏನಂತ ಬೈಯ್ಲಿ? ಈಗ ಜಾಗ ಬಿಡಿ, ರಬ್ಬರ್ ಕಾಯ್ತಾ ಇದೆ.”)

ಸಾವಿರದಾರುನೂರು ಸುತ್ತು ಆಯಿತು. ಈಗ ಒಂದು ಕೈಯಲ್ಲಿ ಪ್ರೊಪೆಲ್ಲರ್, ಇನ್ನೊಂದರಲ್ಲಿ ಮೈ ಹಿಡಿದು, ಗಾಳಿಯ ಮೇಲೆ ಇಟ್ಟಂತೆ ಬಿಡಬೇಕು. ಮಾವ ಹಿಡಿದರು. ಪ್ರೊಪೆಲ್ಲರಿನ ಅಲಗು ಅವರ ಉಗುರಿಗೆ ಟಕಟಕ ಬಡಿಯಿತು. ಆ ನಿಶ್ಶಬ್ದದಲ್ಲಿ ಇಡೀ ಹಾಲಿಗೆ ಕೇಳಿಸಿತು. ಆರು ತಿಂಗಳ ಗುಟ್ಟು ಮೂರು ಸೆಕೆಂಡಿನಲ್ಲಿ ಬಯಲು.

ಅವರು ವಿಮಾನವನ್ನು ಸೊಸೆಯ ಕಡೆ ಚಾಚಿದರು.

“ನೀನು ಬಿಡು. ವಾಚು ಇಲ್ಲಿ ಕೊಡು. ಅದನ್ನ ಒತ್ತೋಕೆ ಈ ಕೈ ಸಾಕು.”

“ಅದು ಹೇಗಾಗತ್ತೆ ರೀ?” ಡಾಕ್ಟರು ಮುಂದೆ ಬಂದರು, ನೀರಿನಡಿಯ ವೇಗದಲ್ಲಿ. “ಕಟ್ಟಿದವರೇ ಹಾರಿಸ್ಬೇಕು. ರೂಲ್ ನಂಬರ್ ನಾಲ್ಕು.”

“ಕಟ್ಟಿದವರೇ ಹಾರಿಸ್ತಿದ್ದಾರೆ.”

“ನಿಮ್ಮ ಸೊಸೇನಾ ಇದನ್ನ ಕಟ್ಟಿದ್ದು?”

“ನಂಬಿಕೆ ಇಲ್ದಿದ್ರೆ ರೆಕ್ಕೆ ಮೂಸಿ ನೋಡಿ.”

ಡಾಕ್ಟರು ಬಗ್ಗಿ ಮೂಸಿದರು. “ಲವಂಗ?”

ಅವರು ಇನ್ನೂ ಆ ಲವಂಗದಲ್ಲೇ ಇದ್ದರು, ಸೊಸೆ ಕೈ ಬಿಟ್ಟಳು.

೮

ಅದು ಹೋಯಿತು ಎನ್ನಲಾಗದು. ಅಲ್ಲೇ ಇತ್ತು, ಸ್ವಲ್ಪ ಆಚೆ. ಇನ್ನೂ ಸ್ವಲ್ಪ ಆಚೆ. ಒಂದು ಕ್ಷಣ ಎಡಕ್ಕೆ ವಾಲಿತು. ಜೇಡಿಮಣ್ಣಿನ ಚೂರು ಬಲದಿಂದ ಎಳೆಯಿತು. ವಿಮಾನ ಯೋಚಿಸಿ ನೋಡಿ, ಸರಿ ಎಂದುಕೊಂಡು, ನೆಟ್ಟಗಾಯಿತು. ಪ್ರೊಪೆಲ್ಲರಿನ ಅಲಗುಗಳು ಒಂದೊಂದಾಗಿ ಎಣಿಸಬಹುದಾದಷ್ಟು ನಿಧಾನ. ಒಂದು ಸುತ್ತು. ಇನ್ನೊಂದು. ತೊಲೆಗಳ ಹತ್ತಿರ, ಶಟಲ್ ಕಾಕುಗಳ ಪಕ್ಕದಲ್ಲಿ, ಅವುಗಳ ಕ್ಷೇಮ ವಿಚಾರಿಸುವಂತೆ ಹಾದುಹೋಯಿತು. ಕೆಳಗೆ ಮೂವತ್ತು ಮುಖಗಳು ಒಟ್ಟಿಗೆ ಎಡಕ್ಕೆ ತಿರುಗುತ್ತಿದ್ದವು. ಯಾರ ಕುತ್ತಿಗೆಯೂ ನೋಯಲಿಲ್ಲ.

(ಈಗ ನಿಮಗೆ ಸೀನು ನೆನಪಾಗುತ್ತಿದೆ. ಗಾಜಿನಾಚೆ ಗಂಡನ ಮೂಗು ಅರಳಿತ್ತು, ನಿಜ. ಕಣ್ಣು ಮುಚ್ಚಿತ್ತು. ಬಾಯಿ ತೆರೆದಿತ್ತು. ಬರೆಯುವವಳು ಅವನನ್ನು ಹಾಗೇ ನಿಲ್ಲಿಸಿದ್ದಾಳೆ.)

ಕೊನೆಗೆ ಅದು ಇಳಿಯಿತು. ಮೊಣಕಾಲೆತ್ತರ, ಪಾದದೆತ್ತರ, ಆಮೇಲೆ ನೆಲ. ಇಳಿದ ಸದ್ದೂ ಆಗಲಿಲ್ಲ. ಎಲ್ಲರೂ ಬೆರಳು ಉಜ್ಜಿಕೊಂಡರು.

ಮಾವ ಅಂಗೈ ಬಿಡಿಸಿ ವಾಚು ನೋಡಿಕೊಂಡರು. ಪಕ್ಕದಲ್ಲಿದ್ದ ಸೊಸೆಯೂ ನೋಡಿದಳು.

ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು, ಮೂವತ್ತೊಂದು.

ನಡುಗುವ ಹೆಬ್ಬೆರಳು ಒಮ್ಮೆ ಒತ್ತುವ ಬದಲು ಎರಡು ಸಲ ಒತ್ತಿತ್ತು. ಶುರುವಾದ ಕೂಡಲೇ ನಿಂತಿತ್ತು. ಮಾವ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಅಂಗೈ ಮುಚ್ಚಿಕೊಂಡರು.

“ನಿಮ್ಮದರಲ್ಲಿ ಎಷ್ಟು?” ಡಾಕ್ಟರು ಬಂದು ಕೇಳಿದರು. ಅವರ ದನಿಯಲ್ಲಿ ಏನೋ ಒಂದು ತಡವರಿಕೆ.

“ಮೊದಲು ನೀವು ಹೇಳಿ. ತೀರ್ಪುಗಾರರು ನೀವಲ್ವಾ?”

“ಇಲ್ಲ ಇಲ್ಲ, ನೀವು ಹೇಳಿ. ತಾಳೆ ನೋಡ್ತೀನಿ.”

“ನಿಮ್ಮ ಲೆಕ್ಕದ ಮೇಲೆ ನನಗೆ ಪೂರ್ತಿ ನಂಬಿಕೆ.”

“ನನಗೂ ನಿಮ್ಮದರ ಮೇಲೆ.”

ಸೊಸೆ ಡಾಕ್ಟರ ಮುಷ್ಟಿ ನೋಡಿದಳು. ಬೆರಳ ಸಂದಿಯಲ್ಲಿ ಕಂಡ ಅವರ ವಾಚಿನಲ್ಲಿ ಬರೀ ಸೊನ್ನೆಗಳು; ಲವಂಗದ ಗದ್ದಲದಲ್ಲಿ ಒತ್ತಲೇ ಮರೆತಿದ್ದರು. ಡಾಕ್ಟರು ಕೆಮ್ಮಿ, ಪಟ್ಟಿಯಲ್ಲಿ ಸಮಯ ಬರೆಯುವ ಜಾಗದಲ್ಲಿ ಪೆನ್ನು ಇಟ್ಟರು, ತೆಗೆದರು, ಮತ್ತೆ ಇಟ್ಟರು. ‘ಹಾರಿತು’ ಎಂದು ಬರೆದರು. ಕಟ್ಟಿದವರ ಹೆಸರಿನ ಜಾಗವನ್ನು ನೋಡಲೇ ಇಲ್ಲ.

ಹನ್ನೆರಡು ನಿಮಿಷ ದಾಟಿತ್ತೇ? ಬರೆಯುವವಳನ್ನು ಕೇಳಬೇಡಿ. ಅವಳು ಮೇಲೆ ನೋಡುತ್ತಿದ್ದಳು. ನೀವಾದರೂ ಎಣಿಸಬಹುದಿತ್ತು.

೯

ಕಾರಿನಲ್ಲಿ, ವಿಮಾನ ಪೆಟ್ಟಿಗೆ ಸೇರಿ, ಪೆಟ್ಟಿಗೆಗೆ ಬೀಗ ಬಿದ್ದ ಮೇಲೆ, ಗಂಡ ಸೀನಿದ. ಹಿಂದಿನ ಕಾರಿನವನು ಬ್ರೇಕ್ ಒತ್ತಿದ.

“ಮೆಲ್ಲಗೆ” ಎಂದರು ಮಾವ. ಆಮೇಲೆ ತಮ್ಮಷ್ಟಕ್ಕೇ ಹೇಳಿದಂತೆ ಹೇಳಿದರು: “ನಾಳೆಯಿಂದ ಇನ್ನೊಂದು ಶುರು ಮಾಡೋಣ. ಅಳೆಯೋದು ನಾನು, ಕತ್ತರಿಸೋದು ನೀನು. ಅಂಟು ಅದೇ ಇರ್ಲಿ, ವಾಸನೆ ಚೆನ್ನಾಗಿದೆ.”

“ಎಡರೆಕ್ಕೆ ಎಷ್ಟು ಉದ್ದ ಇಡೋದು ಮಾವ?”

“ಹನ್ನೊಂದು ಮಿಲಿಮೀಟರ್. ಚೂರು ಇಟ್ಕೊಂಡಿದೀಯ ತಾನೆ?”

ಅವಳು ಪರ್ಸನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅದಿರ್ಲಿ, ಎಷ್ಟು ನಿಮಿಷ ಹಾರ್ತು ಅಂತ ಯಾರೂ ಹೇಳ್ತಾನೇ ಇಲ್ವಲ್ಲಾ!” ಗಂಡ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ. “ಅಪ್ಪಾ? ಡಾಕ್ಟರನ್ನ ಸೋಲಿಸ್ದ್ಯಾ ಇಲ್ವಾ?”

ಮಾವನ ಕೈ ಜೇಬಿನ ಮೇಲೆ ಹೋಯಿತು. ವಾಚು ಅಲ್ಲಿತ್ತು. ಅವರು ಸೊಸೆಯ ಕಡೆ ನೋಡಲಿಲ್ಲ.

(ಓದುಗರಿಗಾದರೂ ಕೊನೆ ಏನೆಂದು ಹೇಳಬೇಡವೇ ಎಂದು ಬರೆಯುವವಳು ಅಂಗಲಾಚಿದಳು. “ವಾಚು ನೀವೂ ನೋಡಿದ್ರಿ, ಓದೋರೂ ನೋಡಿದ್ರು. ಹೊಟ್ಟೇಲಿಟ್ಕೊಳ್ಳಿ. ಉಳಿದದ್ದು ನನ್ನ ಕೇಳ್ಬೇಡಿ” ಎಂದಳು ಸೊಸೆ.)

“ಏಯ್, ನಿನಗೆ ಗೊತ್ತು ಅಲ್ವಾ? ನೀನೇ ಪಕ್ಕದಲ್ಲಿದ್ದೆ” ಎಂದ ಗಂಡ.

ಸೊಸೆ ತನ್ನ ಕಡೆಯ ಕಿಟಕಿಯ ಗಾಜು ಪೂರ್ತಿ ಏರಿದೆಯೇ ಎಂದು ಬೆರಳಿಟ್ಟು ನೋಡಿದಳು. ಇನ್ನೊಮ್ಮೆ ನೋಡಿದಳು. ಮೂರನೆಯ ಸಲ ನೋಡುವ ಹೊತ್ತಿಗೆ ತೀರ್ಮಾನವಾಗಿತ್ತು: ಯಾರಿಗೂ ಹೇಳುವುದಿಲ್ಲ.

“ಮೆಲ್ಲಗೆ ಓಡ್ಸಿ” ಎಂದಳು.